ಕೆರೆಯ ದಂಡೆಯಿಂದ ಸದಾನಂದನಿಗೆ

ಪ್ರಿಯ ಸದಾನಂದ,

ನಿನ್ನ ಪತ್ರ ತಲುಪಿತು. ಮುಂಬಯಿಯಲ್ಲಿ ಅರ್ಧ ಆಯುಷ್ಯ ಕಳೆದರೂ ಪಕ್ಕದ ಮನೆಯವರ ಹೆಸರು ತಿಳಿಯದವನು ಈಗ ಆಮೆಗಳೊಂದಿಗೆ ನೆಂಟಸ್ತನ ಬೆಳೆಸಿದ್ದಾನೆ ಎಂದು ಊರಿನಲ್ಲೆಲ್ಲ ಡಂಗುರ ಹೊಡೆದಿದ್ದೀಯಂತೆ. ಹೊಡೆ. ಪಕ್ಕದ ಮನೆಯವರು ಬಾಗಿಲನ್ನೇ ತೆರೆಯುವುದಿಲ್ಲ; ಆಮೆ ತಲೆಯನ್ನಾದರೂ ಹೊರಗೆ ಹಾಕುತ್ತದೆ.

ಆದರೆ ನೀನು ಕೇಳಿರುವ ಎರಡು ಪ್ರಶ್ನೆಗಳನ್ನು ತಮಾಷೆಯಲ್ಲಿ ತೇಲಿಸಲಾರೆ. ದೇವಸ್ಥಾನದ ಕೆರೆಗೆ ದಿನಾ ಒಂದು ಚೀಲ ಮಂಡಕ್ಕಿ ಸುರಿದರೆ ಆಮೆಗಳು ಕೈಗೆ ಬರುತ್ತವೆಯೇ ಎಂಬುದು ಒಂದು. ಮರಿ ಆಮೆಯೊಂದನ್ನು ಹಿಡಿದು ಮೊಮ್ಮಗನಿಗೆಂದು ಮನೆಯ ತೊಟ್ಟಿಯಲ್ಲಿ ಬಿಡಬಹುದೇ ಎಂಬುದು ಇನ್ನೊಂದು. ಇವೇ ಪ್ರಶ್ನೆಗಳನ್ನು ಬೇರೆ ಕೆಲವರೂ ಕೇಳಿದ್ದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಅದೇ ಕಾರಣಕ್ಕೆ ನಮ್ಮ ಕೆರೆಯ ಹೆಸರನ್ನು ಬರೆಯುವುದಿಲ್ಲ. ಭಾಂಡುಪ್, ಮುಲುಂಡ್ ಕಡೆ ಎಂದಷ್ಟೇ ಇಟ್ಟುಕೊ. ಆಮೆ ಎಲ್ಲಿದೆ ಎಂದು ತಿಳಿಯುವ ಕುತೂಹಲ ನಿನ್ನಂಥ ಸಾಧುಗಳಿಗೆ ಮಾತ್ರ ಇರುವುದಲ್ಲ.

ಇಲ್ಲಿನ ಜನ ಹಕ್ಕಿ ನೋಡಬೇಕೆಂದರೆ ಠಾಣೆ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಫ್ಲೆಮಿಂಗೊಗಳನ್ನು ನೋಡಲು ಹೋಗುತ್ತಾರೆ. ಹೋಗಲಿ, ಗುಲಾಬಿ ಬಣ್ಣಕ್ಕೆ ಅಷ್ಟು ಗೌರವ ಸಲ್ಲಬೇಕು. ನಮ್ಮದು ಸುತ್ತ ಕಬ್ಬಿಣದ ಬೇಲಿಯಿರುವ, ಒಂದು ಮೂಲೆಯಲ್ಲಿ ಅಂತರಗಂಗೆ ಹಬ್ಬಿದ, ನಾಲ್ಕು ಮೆಟ್ಟಿಲು ಕುಸಿದಿರುವ ಸಾಧಾರಣ ಕೆರೆ. ಬೆಳಗ್ಗೆ ನಡಿಗೆಗೆ ಬರುವವರು ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತ ಸುತ್ತುತ್ತಾರೆ. ನೀರಿನ ಕಡೆ ನೋಡುವವರು ಬಹಳ ಕಡಿಮೆ. ಹೋಟೆಲಿನ ಕೆಲಸ ಬಿಟ್ಟ ಮೇಲೆ ನನಗೆ ಹೆಜ್ಜೆ ಎಣಿಸುವ ಚಟ ಹತ್ತಲಿಲ್ಲ, ಕುಸಿದ ಮೆಟ್ಟಿಲಿನ ಮೇಲೆ ಕುಳಿತೆ. ಮೊದಲಿಗೆ ಕಂಡದ್ದು ನೀರಿನಿಂದ ಕಡ್ಡಿಯಂತೆ ಮೇಲೆದ್ದ ಒಂದು ಮೂಗು. ನಾನು ಕೆಮ್ಮಿದೆ, ಮೂಗು ಮಾಯವಾಯಿತು.

ಆ ಮೂಗಿನ ಒಡೆಯ ನಮ್ಮ ನಾಡಿನ ಮೆದುಚಿಪ್ಪಿನ ಆಮೆ. ಊರಿನ ಗದ್ದೆ, ಕೆರೆಗಳಲ್ಲಿ ನೀನೂ ನೋಡಿರುತ್ತೀಯ: ಚಪ್ಪಟೆ ಮೈ, ಕೊಳವೆಯಂಥ ಮೂತಿ, ಗಟ್ಟಿ ಫಲಕಗಳ ಬದಲು ತೊಗಲಿನಂಥ ಹೊದಿಕೆ. ಹಿಂಗಾಲು ಒಳಗೆಳೆದುಕೊಂಡರೆ ಹೊಟ್ಟೆಯ ಕೆಳಗಿರುವ ಎರಡು ಮಡಿಕೆಗಳು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಬಸವನಹುಳು, ಗೊದಮೊಟ್ಟೆ, ಸಣ್ಣ ಮೀನು, ಸತ್ತ ಮೀನು, ನೀರಿನ ಗಿಡ ಎಲ್ಲವನ್ನೂ ತಿನ್ನುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವವರೆಗೆ ಕಾಯುತ್ತದೆ. ನಾಚಿಕೆಯ ಸ್ವಭಾವ, ಆದರೆ ಕತ್ತು ಬಹಳ ಉದ್ದ, ಕಚ್ಚಿದರೆ ಸುಲಭವಾಗಿ ಬಿಡುವುದಿಲ್ಲ. ಅದಕ್ಕೆ ಬೆರಳಿನಿಂದ ತಿನ್ನಿಸುವ ಸಾಹಸ ನಾನು ಮಾಡಿಲ್ಲ. ಬಿದಿರು ಕಡ್ಡಿಯ ತುದಿಗೆ ಸಿಗಡಿಯ ಚೂರು ಸಿಕ್ಕಿಸಿ ನೀರಿಗಿಳಿಸುತ್ತೇನೆ. ಅದು ಬಂದರೆ ಬಂತು.

ಹಾಗಾದರೆ ನನ್ನ ಅಂಗೈಯಿಂದಲೇ ತಿನ್ನುವ ಆಮೆ ಯಾವುದು? ಇಲ್ಲಿಯೇ ವಿಷಯ ಸ್ವಲ್ಪ ತೊಡಕಾಗುತ್ತದೆ. ಅದು ಈ ದೇಶದ್ದೇ ಅಲ್ಲ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ, ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲಿನಿಂದ ಹೊರಟು ಸಾಕುಪ್ರಾಣಿಯ ವ್ಯಾಪಾರದಲ್ಲಿ ಜಗತ್ತನ್ನೆಲ್ಲ ಸುತ್ತಿದ ಜಾತಿ. ಅಂಗಡಿಯಲ್ಲಿ ಮಾರುವಾಗ ಬಿಸ್ಕತ್ತಿನಷ್ಟೇ ಇರುತ್ತದೆ. ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ಕೊಳ್ಳುತ್ತಾರೆ. ಕೆಲವು ವರ್ಷಗಳಲ್ಲಿ ಅದು ಊಟದ ತಟ್ಟೆಯಷ್ಟು ಅಗಲವಾಗಿ, ಗಾಜಿನ ಪೆಟ್ಟಿಗೆ ನಾರತೊಡಗಿ, ಲಕ್ಷ್ಮಿಯ ಸುಳಿವೂ ಕಾಣದಾದಾಗ ರಾತ್ರಿ ಹೊತ್ತು ತಂದು ಕೆರೆಗೆ ಬಿಡುತ್ತಾರೆ. ಪುಣ್ಯ ಬಂತು ಎಂದೂ ಅಂದುಕೊಳ್ಳುತ್ತಾರೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಸಿಲು ಕಾಯುವ ಕಲ್ಲು, ಮರದ ದಿಮ್ಮಿಗಳನ್ನೆಲ್ಲ ಇದು ಆಕ್ರಮಿಸುತ್ತದೆ. ನಮ್ಮ ನಾಚಿಕೆಯ ಆಮೆ ಬದಿಗೆ ಸರಿಯುತ್ತದೆ. ಮನುಷ್ಯರ ಮನೆಯಲ್ಲಿ ಬೆಳೆದದ್ದರಿಂದ ಕಾಲಿನ ಸದ್ದು ಕೇಳಿದರೆ ಓಡುವ ಬದಲು ಓಡಿ ಬರುತ್ತದೆ. ಹೊರಗಿನವರು ಬಂದು ಜಾಗ ಕಬಳಿಸಿದರು ಎಂಬ ಮಾತನ್ನು ಈ ಊರಿನಲ್ಲಿ ಹೋಟೆಲಿನವರಾದ ನಾವು ಸಾಕಷ್ಟು ಕೇಳಿಸಿಕೊಂಡಿದ್ದೇವೆ, ಹಾಗಾಗಿ ಅದನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ಆದರೂ ಸತ್ಯ ಸತ್ಯವೇ. ನಾನು ಅದಕ್ಕೆ ಕೊಡುವುದು ಬರೇ ಸೊಪ್ಪು: ಹರಿವೆ, ನುಗ್ಗೆ. ಸಿಗಡಿಯೆಲ್ಲ ಮೆದುಚಿಪ್ಪಿನವನಿಗೆ. ಪಕ್ಷಪಾತ ಎಂದರೆ ಎನ್ನು.

ಕೆಂಪು ಪಟ್ಟೆಯದು ಕೈಯಿಂದ ತುತ್ತನ್ನು ಕಿತ್ತುಕೊಂಡ ತಕ್ಷಣ ನೀರಿನೊಳಗೆ ಮುಳುಗುವುದನ್ನು ನೋಡಿ ನಾನು ಕಳ್ಳತನದ ಬುದ್ಧಿ ಎಂದುಕೊಂಡಿದ್ದೆ. ಹಾಗಲ್ಲವಂತೆ. ಇಂಥ ನೀರಿನ ಆಮೆಗಳಿಗೆ ನೀರಿನ ಸಹಾಯವಿಲ್ಲದೆ ತುತ್ತು ಗಂಟಲಿನಿಂದ ಕೆಳಗಿಳಿಯದು. ಹಲ್ಲಿಲ್ಲ, ಕೊಂಬಿನಂಥ ಗಟ್ಟಿ ತುಟಿಯಿಂದ ಹರಿದು ನುಂಗಬೇಕು. ಆದ್ದರಿಂದ ದಂಡೆಯ ಮೇಲೆ ಇಟ್ಟು ತಿನ್ನು ಎಂದು ಉಪಚಾರ ಮಾಡಬೇಡ, ನೀರಿನಂಚಿನಲ್ಲೇ ಕೊಡು.

ಕೈಗೆ ಬರುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀಯ. ಅದರಲ್ಲಿ ವಿದ್ಯೆಯೇನಿಲ್ಲ. ದಿನವೂ ಅದೇ ಹೊತ್ತಿಗೆ ಅದೇ ಮೆಟ್ಟಿಲಿನ ಮೇಲೆ ಕುಳಿತುಕೊಳ್ಳಬೇಕು. ಸೂರ್ಯ ಬೆನ್ನ ಹಿಂದಿರಬಾರದು. ನೆರಳು ನೀರಿನ ಮೇಲೆ ಬಿದ್ದರೆ ಹದ್ದು ಬಂತೆಂದು ಮುಳುಗಿಬಿಡುತ್ತವೆ. ನಿಂತುಕೊಂಡು ಬಾಗಬಾರದು, ಕಾಲು ಕುಟ್ಟಬಾರದು. ಮೊದಲು ದೂರಕ್ಕೆ ಎಸೆ, ಆಮೇಲೆ ಹತ್ತಿರಕ್ಕೆ, ಆಮೇಲೆ ಕಡ್ಡಿಯಲ್ಲಿ. ಬರದ ದಿನ ಕರೆಯಬೇಡ. ಮನೆಗೆ ಬಂದು ಸೋಪಿನಲ್ಲಿ ಕೈ ತೊಳೆ, ಮೊಮ್ಮಗನ ಕೈಯನ್ನು ನಿಂತು ತೊಳೆಸು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು, ಅವುಗಳಿಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ಭೇದಿ ಹಿಡಿಯುತ್ತದೆ.

ಈಗ ಮಂಡಕ್ಕಿಯ ವಿಷಯ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಹಾಕುತ್ತಾರಲ್ಲ ಎಂದು ವಾದ ಹೂಡುತ್ತೀಯ, ಗೊತ್ತು. ತುಂಗೆ ಹರಿಯುವ ನದಿ, ನಿನ್ನದು ನಿಂತ ನೀರು. ತಿನ್ನದೆ ಉಳಿದದ್ದು ತಳಕ್ಕಿಳಿದು ಕೊಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ರಾತ್ರಿಯೆಲ್ಲ ಪಾಚಿ, ಗಿಡಗಳೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತೀರ ಕಡಿಮೆಯಾಗಿ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಇಲ್ಲಿ ವಾಲ್ಕೇಶ್ವರದ ಬಾಣಗಂಗೆಯನ್ನು ನಾನು ನಿನಗೆ ತೋರಿಸಿದ್ದೇನೆ, ನೆನಪಿದೆಯೇ? ಸಮುದ್ರಕ್ಕೆ ಕೂಗಳತೆಯಲ್ಲಿ ಸಿಹಿನೀರಿನ ಚಿಲುಮೆ, ಗೌಡ ಸಾರಸ್ವತರ ದೇವಸ್ಥಾನದ ಟ್ರಸ್ಟ್ ನೋಡಿಕೊಳ್ಳುವ ಕಲ್ಯಾಣಿ. ಅಲ್ಲಿ ಪಿತೃಪಕ್ಷದಲ್ಲಿ ಪಿಂಡ, ಹಿಟ್ಟು, ಹೂವು ನೀರಿಗೆ ಬಿದ್ದು, ಪಕ್ಷ ಮುಗಿಯುವ ಹೊತ್ತಿಗೆ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದು ಒಂದು ವರ್ಷದ ಸುದ್ದಿಯಲ್ಲ. ಹಿರಿಯರಿಗೆ ಅನ್ನ ಕೊಟ್ಟ ಭಕ್ತಿಯಲ್ಲಿ ಕೊರತೆಯಿರಲಿಲ್ಲ, ನೀರಿನಲ್ಲಿ ಉಸಿರಿನ ಕೊರತೆಯಾಯಿತು.

ನಮ್ಮ ಕೆರೆಗೂ ಒಬ್ಬರು ಗುಜರಾತಿ ಅಜ್ಜಿ ಬರುತ್ತಾರೆ. ಎಲ್ಲರೂ ಅವರನ್ನು ‘ಬಾ’, ಅಂದರೆ ಅಮ್ಮ, ಎನ್ನುತ್ತಾರೆ. ಸ್ಟೀಲ್ ಡಬ್ಬಿಯ ತುಂಬ ಗೋಧಿಹಿಟ್ಟಿನ ಉಂಡೆ, ನಿಂಬೆಹಣ್ಣಿನ ಗಾತ್ರದ್ದು. ಜ್ಯೋತಿಷಿ ಹೇಳಿದ್ದಾರಂತೆ. ನಾನು ಆಮ್ಲಜನಕದ ಪುರಾಣ ತೆಗೆದಾಗ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೋಟೆಲಿನಲ್ಲಿ ಇಡ್ಲಿ ಮಾರಿದವರು ಊಟ ಹಾಕಬೇಡ ಎನ್ನುತ್ತೀರಲ್ಲ” ಎಂದರು. ಒಳ್ಳೆಯ ಪ್ರಶ್ನೆಯೇ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಇನ್ನೊಂದು ಪ್ಲೇಟ್ ಬೇಕೇ ಎಂದು ಕೇಳುವುದೇ ನನ್ನ ಕಸುಬಾಗಿತ್ತು. ಆದರೆ ಹೋಟೆಲಿಗೆ ಬರುವವನು ಮನೆಯಲ್ಲಿ ಒಲೆಯಿಲ್ಲದೆ ಬರುತ್ತಾನೆ, ಕೆರೆಯ ಜೀವಿಗಳ ಅಡುಗೆಮನೆ ಕೆರೆಯೇ. ಇದನ್ನು ಅವರಿಗೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಒಪ್ಪಲಿಲ್ಲ. ಈಚೆಗೆ ಉಂಡೆಗಳು ಮಾತ್ರ ಕಡಲೆಯ ಗಾತ್ರಕ್ಕೆ ಇಳಿದಿವೆ, ಡಬ್ಬಿಯೂ ಸಣ್ಣದಾಗಿದೆ. ಜ್ಯೋತಿಷಿ ಬದಲಾದನೋ ಏನೋ, ನಾನು ಕೇಳಲಿಲ್ಲ.

ಹಕ್ಕಿಗಳ ಬಗ್ಗೆ ನೀನು ಕೇಳಿಲ್ಲ, ಆದರೂ ಬರೆಯದೆ ಇರಲಾರೆ. ನನ್ನ ನೆಚ್ಚಿನವನು ಹುಂಡುಕೋಳಿ. ಬಿಳಿ ಎದೆ, ಬಾಲದ ಕೆಳಗೆ ಇಟ್ಟಿಗೆ ಬಣ್ಣ, ಪ್ರತಿ ಹೆಜ್ಜೆಗೂ ಬಾಲ ಕುಣಿಸುತ್ತ ಅಂತರಗಂಗೆಯ ಮೇಲೆ ನಡೆದು ಬರುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಕೂಗಿ ಸುತ್ತಲಿನ ಕಟ್ಟಡಗಳ ನಿದ್ದೆ ಕೆಡಿಸುತ್ತದೆ. ಬಿಸ್ಕತ್ತು ಎಸೆದರೆ ಕಡೆಗಣ್ಣಿನಿಂದಲೂ ನೋಡುವುದಿಲ್ಲ. ಎರೆಹುಳು ಇಟ್ಟರೆ ನನ್ನ ಚಪ್ಪಲಿಯ ತುದಿಯವರೆಗೆ ಬರುತ್ತದೆ. ಕೊಳದ ಬಕ ಕೈಯಿಂದ ಏನನ್ನೂ ಮುಟ್ಟುವುದಿಲ್ಲ, ಅದಕ್ಕೆ ಮರ್ಯಾದೆ ಜಾಸ್ತಿ. ಆದರೆ ನಾನು ಸೊಪ್ಪು ಹಾಕುವ ಜಾಗಕ್ಕೆ ಸಣ್ಣ ಮೀನುಗಳು ಮುತ್ತುತ್ತವೆ ಎಂದು ಲೆಕ್ಕ ಹಾಕಿ ಎರಡು ಮೊಳ ದೂರದಲ್ಲಿ ಮಣ್ಣಿನ ಬಣ್ಣದ ಮುದುಕನಾಗಿ ನಿಂತಿರುತ್ತದೆ. ಹಾರಿದಾಗ ಮಾತ್ರ ಒಳಗಿನ ಬಿಳಿ ರೆಕ್ಕೆ ಕಾಣುತ್ತದೆ.

ಕಾಗೆಗಳಿಗೆ ನನ್ನ ಮುಖ ಗೊತ್ತು. ಇದು ನನ್ನ ಭ್ರಮೆಯಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ವಿಜ್ಞಾನಿಗಳು ಒಂದು ಮುಖವಾಡ ಹಾಕಿಕೊಂಡು ಅಲ್ಲಿನ ಕಾಗೆಗಳನ್ನು ಹಿಡಿದು ಬಿಟ್ಟರಂತೆ, ಆಮೇಲೆ ವರ್ಷಗಟ್ಟಲೆ ಆ ಮುಖವಾಡ ಕಂಡಾಗಲೆಲ್ಲ ಅವು ಕೂಗಿ ಗದರಿಸಿದವಂತೆ. ಹಾಗಾಗಿ ಕಾಗೆಯ ಜೊತೆ ಜಗಳ ಕಟ್ಟಿಕೊಳ್ಳಬೇಡ.

ಕಾಳನ್ನು ಮಾತ್ರ ಎಂದೂ ಎಸೆಯಬೇಡ. ಕಾಳು ಬಿದ್ದಲ್ಲಿ ಪಾರಿವಾಳ ಬರುತ್ತದೆ, ಪಾರಿವಾಳ ಬಂದಲ್ಲಿ ಬೇರೆ ಹಕ್ಕಿಗೆ ಜಾಗವಿಲ್ಲ. ಪಾರಿವಾಳಗಳಿಗೆ ಕಾಳು ಹಾಕುವ ದಾದರಿನ ಕಬೂತರ್‌ಖಾನೆಗೆ 2025ರ ಆಗಸ್ಟ್‌ನಲ್ಲಿ ಪಾಲಿಕೆಯವರು ತಾಡಪಾಲು ಹೊದಿಸಿದ್ದು, ಕೆಲವರು ಬಂದು ಅದನ್ನು ಹರಿದು ಹಾಕಿದ್ದು, ಬಾಂಬೆ ಹೈಕೋರ್ಟಿನಲ್ಲಿ ವಾದ ನಡೆದದ್ದು ನೀನೂ ಟಿವಿಯಲ್ಲಿ ನೋಡಿರಬಹುದು. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ ಎಂದು ವೈದ್ಯರು ಹೇಳುತ್ತಾರೆ. ಕಾಳು ಹಾಕುವುದು ಧರ್ಮ ಎಂದು ಹಾಕುವವರು ಹೇಳುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲದ್ದರಿಂದ ಜಗಳ ಮುಗಿಯುವುದೇ ಇಲ್ಲ. ಚಳಿಗಾಲದಲ್ಲಿ ಉತ್ತರದಿಂದ ಬರುವ ಸೀಗಲ್‌ಗಳಿಗೆ ಗೇಟ್‌ವೇಯಿಂದ ಹೊರಡುವ ದೋಣಿಗಳಲ್ಲಿ ಕುಳಿತು ಗಾಠಿಯಾ ಎಸೆಯುವವರದ್ದು ಇನ್ನೊಂದು ಕಥೆ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಉಪ್ಪಿನ ತಿಂಡಿ! ನಮ್ಮ ಹೋಟೆಲಿನ ಭಟ್ಟರೂ ಒಪ್ಪುತ್ತಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಮೆದುಚಿಪ್ಪಿನ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿದೆ. ಹುಲಿಗೂ ಅದಕ್ಕೂ ಕಾನೂನಿನ ಮುಂದೆ ಒಂದೇ ಸಾಲು. ತೊಟ್ಟಿಯಲ್ಲಿ ಸಾಕಿದರೆ ಅಜ್ಜನ ಪ್ರೀತಿ ಎಂದು ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಕಾನೂನು ಹಾಗಿರಲಿ, ನೆರಳಿನ ತೊಟ್ಟಿಯಲ್ಲಿ ನೇರ ಬಿಸಿಲಿಲ್ಲದೆ, ಅನ್ನ, ಮಂಡಕ್ಕಿ ತಿಂದು ಬೆಳೆಯುವ ಮರಿಗೆ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗಿ, ಮೈ ಸೊಟ್ಟಗಾಗಿ ನಿಧಾನವಾಗಿ ಸಾಯುತ್ತದೆ. ಮೊಮ್ಮಗನಿಗೆ ಅದನ್ನು ತೋರಿಸುತ್ತೀಯಾ?

ಇನ್ನೊಂದು ಎಚ್ಚರಿಕೆ. ಇಪ್ಪತ್ತು ಉಗುರಿನ ಆಮೆ ಇದ್ದರೆ ನಿಧಿ ಸಿಗುತ್ತದೆ ಎಂದು ನಂಬಿ ಹಿಡಿಯುವವರು, ಮಾರುವವರು ಮಹಾರಾಷ್ಟ್ರದಲ್ಲೂ ನಮ್ಮ ಕಡೆಯೂ ಆಗಾಗ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾರೆ. ಮೆದುಚಿಪ್ಪಿನ ಆಮೆಗೆ ಪಾದಕ್ಕೆ ಮೂರೇ ಉಗುರು. ನಮ್ಮ ಕೆರೆಯ ಕಾವಲುಗಾರ ಬಿಹಾರದ ಹುಡುಗ, ಯಾರಾದರೂ ಗುಟ್ಟಾಗಿ ವಿಚಾರಿಸಿದರೆ “ಇಲ್ಲಿರುವುದೆಲ್ಲ ಹನ್ನೆರಡು ಉಗುರಿನವು, ಹೋಗಿ” ಎಂದು ಕಳಿಸುತ್ತಾನೆ. ಹಾಗೆಂದು ಅವನಿಗೆ ಹೇಳಿಕೊಟ್ಟದ್ದು ನಾನೇ. ಕೆಂಪು ಪಟ್ಟೆಯವನ ಉಗುರಿನ ಲೆಕ್ಕ ಹೊರಗೆ ಬಿಡಬಾರದೆಂದೂ ಹೇಳಿದ್ದೇನೆ. ಅಪರಿಚಿತರ ಕೈಗೆ ಸಲೀಸಾಗಿ ಬರುವುದು ಅದೇ ಅಲ್ಲವೇ. ಆ ಭಯಕ್ಕೇ ನಾನು ವಾರದಲ್ಲಿ ಕೆಲವು ದಿನ ಬರಿಗೈಯಲ್ಲಿ ಹೋಗಿ ಸುಮ್ಮನೆ ಕುಳಿತು ಬರುತ್ತೇನೆ.

ಮುಂದಿನ ತಿಂಗಳು ಬರುವುದು ಖಚಿತವಾದರೆ ಮತ್ಸ್ಯಗಂಧ ರೈಲಿನಲ್ಲಿ ಠಾಣೆಗೆ ಟಿಕೆಟ್ ಮಾಡಿಸು, ಕುರ್ಲಾದವರೆಗೆ ಹೋಗಬೇಡ. ಬೆಳಗ್ಗೆ ಬೇಗ ಇಳಿಯುತ್ತೀಯ, ಚಹಾ ಕುಡಿದು ನೇರ ಕೆರೆಗೇ ಹೋಗಬಹುದು. ಅದಕ್ಕೆ ಮೊದಲು ಒಂದು ಕೆಲಸ ಮಾಡು: ಬಿಸಿಲೇರುವ ಹೊತ್ತಿಗೆ ದೇವಸ್ಥಾನದ ಕೆರೆಯ ಕಲ್ಲುಗಳ ಮೇಲೆ ಯಾವ ಆಮೆ ಕುಳಿತಿರುತ್ತದೆ ಎಂದು ಮೊಮ್ಮಗನನ್ನೂ ಕೂರಿಸಿಕೊಂಡು ನೋಡು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಕಂಡರೆ ಅದನ್ನು ಅಲ್ಲಿ ಬಿಟ್ಟವರು ಯಾರೆಂದು ಅರ್ಚಕರನ್ನು ಕೇಳಿ ನನಗೆ ಬರೆ.

ಇತಿ ನಿನ್ನ,
ರಾಘು