ಉದ್ರಿ ಪುಸ್ತಕದ ಹಾಳೆಯಲ್ಲಿ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳೋಣ ಅಂದರೆ ಅಜ್ಜಿಮನೆಯಲ್ಲಿ ನೆಟ್‌ವರ್ಕ್ ಇಲ್ಲ. ನೀನು ಗುಡ್ಡ ಹತ್ತಿ ನಿಂತು ಮಾತಾಡಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ, ಉಳಿದರ್ಧಕ್ಕೆ ನೀನು ಬರೀ ಹೂಂ ಹೂಂ ಅನ್ನುತ್ತೀಯ. ನಾಳೆ ಮಾಮ ಶಿರಸಿಗೆ ವಾಪಸ್ ಹೊರಟಿದ್ದಾನೆ. ಅಜ್ಜಿಗೆ ಒಣ ಶೆಟ್ಲಿ ಕಟ್ಟಿಕೊಡುತ್ತಿದ್ದೇನೆ, ಅದೇ ಚೀಲದಲ್ಲಿ ಈ ಪತ್ರವನ್ನೂ ಇಡುತ್ತೇನೆ. ವಾಸನೆ ಬಂದರೆ ಬೈಯಬೇಡ.

ಖಾನಾವಳಿಯ ಮಧ್ಯಾಹ್ನದ ಗಲಾಟೆ ಈಗಷ್ಟೇ ಮುಗಿಯಿತು. ನಿನ್ನ ರಿಸಲ್ಟ್ ಬಂದಾಗಿನಿಂದ ಊಟಕ್ಕೆ ಬಂದವರದ್ದೆಲ್ಲ ಒಂದೇ ಪ್ರಶ್ನೆ. "ಮಗಳು ಸೈನ್ಸಾ, ಕಾಮರ್ಸಾ?" ಗಣಿತದಲ್ಲಿ 96 ಬಂದಿದೆ ಅಂದರೆ ಸಾಕು, ಅವರೇ ಮುಂದಿನದ್ದನ್ನೆಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಇಂಥ ಕಾಲೇಜಿಗೆ ಹಾಕಿ, ಅಲ್ಲೇ ಕೋಚಿಂಗೂ ಇದೆ, ದುಡ್ಡಿನ ಮುಖ ನೋಡಬೇಡಿ ಅಂತ. ದುಡ್ಡಿನ ಮುಖ ನೋಡದೇ ಇರೋದಕ್ಕೆ ಅದು ನಮ್ಮ ಮನೆಗೆ ದಿನಾ ಬಂದು ಹೋಗುವ ನೆಂಟನೇನು?

ನಿನಗೆ ಬೇಕಾಗಿರೋದು ಏನು ಅಂತ ನನಗೆ ಗೊತ್ತಿದೆ. 2024ರ ಆಗಸ್ಟ್ 7ರ ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತಲ್ಲ, ಮರುದಿನ ನಾವಿಬ್ಬರೂ ಕೊಡೆ ಹಿಡಿದು ನೋಡೋಕೆ ಹೋಗಿದ್ದೆವು. ಎಲ್ಲರೂ ಹೊಳೆಗೆ ಬಿದ್ದ ಲಾರಿಯ ಬಗ್ಗೆ, ಬದುಕಿಬಂದ ಡ್ರೈವರ್ ಬಗ್ಗೆ ಮಾತಾಡುತ್ತಿದ್ದರು. ನೀನು ಮಾತ್ರ ಒಂದೇ ಕೇಳಿದೆ. "ಅಮ್ಮ, ಹೊಳೆ ಒಂದೇ, ಉಪ್ಪುಗಾಳಿ ಒಂದೇ. ಪಕ್ಕದಲ್ಲಿ ಹೊಸದು ನಿಂತಿದೆ. ಹಳೇದು ಯಾಕೆ ಬಿತ್ತು?" ನನಗೆ ಗೊತ್ತಿರಲಿಲ್ಲ. ಮಾಜಾಳಿ ಇಂಜಿನಿಯರಿಂಗ್ ಕಾಲೇಜಿನಿಂದ ಊಟಕ್ಕೆ ಬರುತ್ತಿದ್ದ ಸಿವಿಲ್ ಹುಡುಗನನ್ನು ಕೇಳಿದೆ. ಆ ಸೇತುವೆಗೆ ಏನಾಯಿತು ಅಂತ ತನಿಖೆ ಮಾಡಿದವರೇ ಹೇಳಬೇಕು ಅಂದ. ಆದರೆ ಕೈ ತೊಳೆದವನು ನಮ್ಮ ಬಾವಿಕಟ್ಟೆಯ ಕಂಬದ ಹತ್ತಿರ ನಿನ್ನನ್ನು ಕರೆದು ತೋರಿಸಿದ. ಕಾಂಕ್ರೀಟು ಹಪ್ಪಳದ ಹಾಗೆ ಎದ್ದಿತ್ತು. ಉಗುರಿನಿಂದ ಎಬ್ಬಿದರೆ ಕಳಚಿ ಬಂತು, ಒಳಗೆ ಕೆಂಪು ಸರಳು. ಉಪ್ಪು ಒಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ ಅಂದ. ಅವತ್ತಿನಿಂದ ನೀನು ಆ ಕಂಬವನ್ನು ಕೆರೆದು ಕೆರೆದು ಅರ್ಧ ಮಾಡಿದ್ದೀಯ. ಅಪ್ಪ ಎರಡು ಸಲ ಸಿಮೆಂಟು ಮೆತ್ತಿದರು.

ಹಾಗಾಗಿ ಸಿವಿಲ್ ಓದಬೇಕು ಅನ್ನೋದರಲ್ಲಿ ನನ್ನ ತಕರಾರಿಲ್ಲ. ಯಾವ ದಾರಿಯಲ್ಲಿ ಹೋಗಬೇಕು ಅನ್ನೋದಷ್ಟೇ ಮಾತು.

ಅಣ್ಣನ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ನೀನಾಗ ಚಿಕ್ಕವಳು. ಅವನಿಗೂ ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿಯೇ ಬಂದಿತ್ತು. ಯಾರೋ ಹೇಳಿದರು ಅಂತ ದೂರದ ಒಂದು ಕಾಲೇಜಿಗೆ ಹಾಕಿದೆವು, ಪಿಯುಸಿ ಜೊತೆಗೇ ಕೋಚಿಂಗು, ಹಾಸ್ಟೆಲ್ಲು. ಎರಡು ವರ್ಷಕ್ಕೆ ಹತ್ತಿರ ಹತ್ತಿರ 3 ಲಕ್ಷ. ನನ್ನ ಸರ, ಎರಡು ಬಳೆ ಅಡವಿಗೆ ಹೋದವು. ಐದನೇ ತಿಂಗಳಿಗೇ ಅವನು ಅತ್ತುಕೊಂಡು ಫೋನ್ ಮಾಡಿದ, ಆಗೋದಿಲ್ಲ ಅಮ್ಮ ಅಂತ. ಕರೆದುಕೊಂಡು ಬರೋಕೆ ಹೋದರೆ ಎರಡೂ ವರ್ಷದ ಫೀಸು ಕಟ್ಟಿ, ಆಮೇಲೆ ಟಿಸಿ ಅಂದರು. ನಾನು ದುಡ್ಡಿನ ಮುಖ ನೋಡಿ ಮಗನನ್ನು ಅಲ್ಲೇ ಬಿಟ್ಟು ಬಂದೆ. ಅದು ನನ್ನ ತಪ್ಪು. ಹೇಗೋ ಪಾಸಾದ, ಸಿಇಟಿ ಬರೆಯೋ ಮನಸ್ಸೇ ಉಳಿದಿರಲಿಲ್ಲ. ಈಗ ಗೋವಾದಲ್ಲಿ ಕೆಲಸ ಮಾಡಿಕೊಂಡು ಚೆನ್ನಾಗಿದ್ದಾನೆ, ಪ್ರತಿ ಭಾನುವಾರ ನಮ್ಮನ್ನು ನಗಿಸಿ ಹೋಗುತ್ತಾನೆ. ಆದರೆ ಆ ದಾರಿಯಲ್ಲಿ ನಡುವೆ ಇಳಿಯೋಕೆ ಒಂದು ಸ್ಟಾಪೂ ಇರಲಿಲ್ಲ, ನೋಡು.

ಅದಕ್ಕೇ ನಾನು ಈಗ ಯಾವ ದಾರಿ ನೋಡಿದರೂ ಮೊದಲು ಸ್ಟಾಪು ಎಲ್ಲಿದೆ ಅಂತ ಹುಡುಕುತ್ತೇನೆ.

ಲೆಕ್ಕ ಸುಲಭ ಇದೆ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ 3 ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೀದಾ ಪ್ರವೇಶ, ಅಲ್ಲಿ 3 ವರ್ಷ. ಅದೂ 6. ಒಂದು ವರ್ಷವೂ ಜಾಸ್ತಿಯಿಲ್ಲ. ಆದರೆ ಡಿಪ್ಲೊಮಾ ದಾರಿಯಲ್ಲಿ ಮೂರನೇ ವರ್ಷಕ್ಕೆ ಕೈಯಲ್ಲಿ ಒಂದು ಕಾಗದ ಇರುತ್ತದೆ. ಆ ಹೊತ್ತಿಗೆ ಅಪ್ಪನ ಬೆನ್ನುನೋವು ಜಾಸ್ತಿಯಾಗಿ ಬೋಟಿಗೆ ಹೋಗೋಕೆ ಆಗದಿದ್ದರೆ, ಅಥವಾ ನಿನಗೇ ಓದು ಸಾಕು ಅನ್ನಿಸಿದರೆ, ಆ ಕಾಗದ ಹಿಡಿದು ಕೆಲಸಕ್ಕೆ ಹೋಗಬಹುದು. ಲೋಕೋಪಯೋಗಿ ಇಲಾಖೆಯ ಜೂನಿಯರ್ ಇಂಜಿನಿಯರ್ ಹುದ್ದೆಗೆ ಕೇಳೋದು ಡಿಪ್ಲೊಮಾ. ರೈಲ್ವೆಯ ಜೆಇ ಪರೀಕ್ಷೆಗೂ ಅದು ಸಾಕು. ಬರೀ ಪಿಯುಸಿ ಹಿಡಿದು ನಿಂತರೆ ಯಾರು ಕರೆಯುತ್ತಾರೆ ಹೇಳು?

ದೊಡ್ಡಪ್ಪ ಮೊನ್ನೆ ಬಂದವರು, "ಡಿಪ್ಲೊಮಾಕ್ಕೆ ದಡ್ಡರು ಹೋಗೋದು, ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಯಾಕೆ ಹಾಳು ಮಾಡುತ್ತೀಯ" ಅಂದರು. ನಾನು ಇನ್ನೊಂದು ಸೌಟು ಸಾರು ಹಾಕಿದೆ. ಬಾಯಿ ತುಂಬಿದ್ದರೆ ಮಾತು ಕಡಿಮೆ.

ಹಾಗಂತ ಆ ದಾರಿಯಲ್ಲಿ ಕಲ್ಲುಮುಳ್ಳು ಇಲ್ಲ ಅಂತಲ್ಲ. ನಮ್ಮಲ್ಲಿ ಬೆಳಗ್ಗೆ ಅವಲಕ್ಕಿ ತಿನ್ನೋಕೆ ಬರುವ ಗದಗಿನ ಕಡೆಯ ಹುಡುಗಿ ಇದ್ದಾಳಲ್ಲ, ಕನ್ನಡಕದವಳು, ಅವಳು ಡಿಪ್ಲೊಮಾ ಮುಗಿಸಿ ಮಾಜಾಳಿಗೆ ಬಂದವಳು. "ಅಕ್ಕಾ, ಮೊದಲನೇ ಸೆಮ್‌ನಾಗ ಮ್ಯಾಥ್ಸ್ ನೋಡಿ ಕಣ್ಣಾಗ ನೀರು ಬಂತ್ರಿ" ಅಂದಳು. ಪಿಯುಸಿಯವರು ಎರಡು ವರ್ಷ ಕಲಿತ ಗಣಿತ, ಆಮೇಲೆ ಬಿಇ ಮೊದಲ ವರ್ಷದ್ದು, ಎರಡನ್ನೂ ಇವರು ಓಡುತ್ತಾ ಹಿಡಿಯಬೇಕು. ಡಿಪ್ಲೊಮಾದಿಂದ ಬಂದವರಿಗೆ ಅಂತಲೇ ಗಣಿತದ ಬೇರೆ ಪಾಠ ಇರುತ್ತದಂತೆ, ಆದರೂ ಸುಲಭ ಅಲ್ಲ. ಸೀಟೂ ಕಡಿಮೆ. ಒಂದು ಬ್ರಾಂಚಿನಲ್ಲಿ 60 ಸೀಟು ಇದ್ದರೆ ಇವರಿಗೆ ಅಂತ ಅದರ ಮೇಲೆ ಹೆಚ್ಚುವರಿಯಾಗಿ ಕೊಡುವುದು ಶೇ. 10, ಅಂದರೆ 6. ಮೊದಲ ವರ್ಷದಲ್ಲಿ ತುಂಬದೆ ಉಳಿದದ್ದೂ ಸಿಗುತ್ತದೆ. ಮಾಜಾಳಿಯೇ ಸಿಗಬೇಕಾದರೆ ಡಿಪ್ಲೊಮಾದ ಮೂರು ವರ್ಷವೂ ಗಣಿತ ಬಿಡೋಹಾಗಿಲ್ಲ. ಇನ್ನೊಂದು, ಐಐಟಿ ಅನ್ನೋ ಆಸೆ ಇದ್ದರೆ ಅದಕ್ಕೆ ಪಿಯುಸಿಯೇ ಸರಿ. ಬಿಇ ಮುಗಿಸಿ ಗೇಟ್ ಪರೀಕ್ಷೆ ಬರೆದು ಎಂಟೆಕ್‌ಗೆ ಹೋಗೋ ಬಾಗಿಲು ಎರಡೂ ಕಡೆಯವರಿಗೆ ತೆರೆದಿದೆ. ಅಲ್ಲಿ ಓದುವಾಗಲೇ ತಿಂಗಳಿಗೆ 12,400 ರೂಪಾಯಿ ಕೊಡುತ್ತಾರೆ. ಅದೆಲ್ಲ ದೂರದ ಮಾತು ಬಿಡು.

ಪಿಯುಸಿಯೇ ಬೇಕು ಅಂದರೆ ಅದಕ್ಕೂ ನಾನು ಸೈ. ಆದರೆ ಕಾರವಾರದ ಸರ್ಕಾರಿ ಕಾಲೇಜು, ಮನೆಯಿಂದಲೇ ಓಡಾಟ. ಸಿಇಟಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಗಣಿತ, ತಲಾ 60 ಮಾರ್ಕ್ಸು, ತಪ್ಪು ಉತ್ತರಕ್ಕೆ ಕಡಿತ ಇಲ್ಲ. ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿ ಮಾರ್ಕ್ಸು ಹಿಡಿಯುತ್ತಾರೆ. ನೀನು ಒಂದರಿಂದ ಹತ್ತರವರೆಗೆ ಪಂಚಾಯ್ತಿ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು ಇದೆ. ಊರ ಶಾಲೆ ಅಂತ ಮೂಗು ಮುರಿದವರ ಮಕ್ಕಳಿಗೆ ಅದು ಸಿಗೋದಿಲ್ಲ. ರ‍್ಯಾಂಕ್ ಚೆನ್ನಾಗಿ ಬಂದರೆ ಎಸ್‌ಎನ್‌ಕ್ಯೂ ಸೀಟು ಅಂತಲೂ ಇದೆ. ಮನೆಯ ಆದಾಯ 8 ಲಕ್ಷದೊಳಗೆ ಇದ್ದವರಿಗೆ ಬೋಧನಾ ಶುಲ್ಕವೇ ಮಾಫಿ. ಪಿಯುಸಿ ಸೈನ್ಸ್ ಮುಗಿಸಿ ಸಿಇಟಿ ಕೈಕೊಟ್ಟರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಇದು ಅಣ್ಣನ ಹೊತ್ತಿಗೆ ನನಗೆ ಗೊತ್ತಿದ್ದರೆ!

ಈಗ ದುಡ್ಡು. ಸರ್ಕಾರಿ ಪಾಲಿಟೆಕ್ನಿಕ್ ಫೀಸು ವರ್ಷಕ್ಕೆ ಕೆಲವೇ ಸಾವಿರ. ಡ್ರಾಯಿಂಗ್ ಬೋರ್ಡು, ಡ್ರಾಫ್ಟರ್, ಪುಸ್ತಕ, ಎರಡನೇ ವರ್ಷಕ್ಕೆ ಒಂದು ಹಳೇ ಲ್ಯಾಪ್‌ಟಾಪು, ಎಲ್ಲ ಸೇರಿಸಿ ವರ್ಷಕ್ಕೆ 20 ಸಾವಿರ ಅಂತ ಹಿಡಿದಿದ್ದೇನೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಫೀಸೇ ವರ್ಷಕ್ಕೆ 40 ಸಾವಿರದ ಮೇಲೆ ಹೋಗುತ್ತದೆ, ಖರ್ಚು ಸೇರಿಸಿ 60 ಹಿಡಿದೆ. ಆರು ವರ್ಷಕ್ಕೆ ಒಟ್ಟು 2 ಲಕ್ಷ 40 ಸಾವಿರ. ಪೆನ್ಸಿಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅಣ್ಣನ ಎರಡು ವರ್ಷಕ್ಕೆ ಹೋದದ್ದು ಇದಕ್ಕಿಂತ ಜಾಸ್ತಿ.

ಇದು ಇಷ್ಟಕ್ಕೆ ನಿಲ್ಲೋದು ಹಾಸ್ಟೆಲ್ ಇಲ್ಲ ಅಂತ. ಫೀಸಿಗಿಂತ ಊಟ, ರೂಮು ಮನುಷ್ಯನನ್ನು ತಿನ್ನುತ್ತದೆ, ಖಾನಾವಳಿ ನಡೆಸುವವಳು ಹೇಳುತ್ತಿದ್ದೇನೆ ನಂಬು. ನಮ್ಮ ಸದಾಶಿವಗಡದಿಂದ ಸೇತುವೆ ದಾಟಿದರೆ ಕಾರವಾರ, ಈಚೆಗೆ ಹೋದರೆ ಮಾಜಾಳಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಬೇರೆ.

ಒಂದೇ ತೊಡಕು ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಡಲಿಗೆ ಇಳಿಯೋದಿಲ್ಲ. ಕಾಲೇಜಿನವರು ಫೀಸು ಕೇಳೋದೂ ಅದೇ ಹೊತ್ತಿಗೆ. ಅಪ್ಪನ ಕೈ ಖಾಲಿ ಇರುವಾಗಲೇ ನಮ್ಮ ಮಕ್ಕಳ ಅಡ್ಮಿಷನ್! ಅದಕ್ಕೆ ಕಳೆದ ಆಗಸ್ಟಿನಿಂದ ತಿಂಗಳಿಗೆ 2 ಸಾವಿರದಂತೆ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟುತ್ತಾ ಬಂದಿದ್ದೇನೆ, ನಿನಗೆ ಹೇಳಿರಲಿಲ್ಲ. ಈ ವರ್ಷದ್ದು ಅದರಲ್ಲಿ ಆಗುತ್ತದೆ. ನಿನ್ನ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಯಿಂದ ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ಅದನ್ನು ಈಗ ಮುಟ್ಟೋದಿಲ್ಲ, ಬಿಇ ಹೊತ್ತಿಗಿರಲಿ. ಆಗಲೂ ಕಡಿಮೆ ಬಿದ್ದರೆ ಬ್ಯಾಂಕಿನಲ್ಲಿ 4 ಲಕ್ಷದವರೆಗೆ ಅಡವಿಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ಬಳೆ ಮಾತ್ರ ಇನ್ನು ಎಲ್ಲೂ ಹೋಗೋದಿಲ್ಲ.

ಸ್ಕಾಲರ್‌ಶಿಪ್ಪಿನಲ್ಲಿ ನನ್ನ ಕಣ್ಣಿರೋದು ಪ್ರಗತಿ ಅನ್ನುವುದರ ಮೇಲೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯವರದ್ದು, ಹುಡುಗಿಯರಿಗೆ ಮಾತ್ರ. ಡಿಪ್ಲೊಮಾಕ್ಕೂ ಇದೆ, ಡಿಗ್ರಿಗೂ ಇದೆ, ವರ್ಷಕ್ಕೆ 50 ಸಾವಿರ. ಆದಾಯ 8 ಲಕ್ಷದೊಳಗೆ ಇರಬೇಕು. ಡಿಪ್ಲೊಮಾದವರನ್ನು ಹತ್ತನೇ ಕ್ಲಾಸಿನ ಮಾರ್ಕ್ಸ್ ನೋಡಿ ಆರಿಸುತ್ತಾರೆ. ಬಂದರೆ ಫೀಸು ಕಟ್ಟಿ ಮಿಕ್ಕುತ್ತದೆ. ಆದರೆ ಬರದ ದುಡ್ಡನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ, ಉದ್ರಿ ಕೊಟ್ಟು ಕೊಟ್ಟು ಬುದ್ಧಿ ಬಂದಿದೆ.

ನೀನು ಬಂದ ತಕ್ಷಣ ಇಬ್ಬರೂ ನಾಡಕಚೇರಿಗೆ ಹೋಗಬೇಕು. ಆದಾಯ ಪ್ರಮಾಣಪತ್ರ ಹಳೇದಾಗಿದೆ. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಸರ್ಟಿಫಿಕೇಟ್ ಶಾಲೆಯಲ್ಲಿ ಬರೆಸಿ ಬಿಇಒ ಸಹಿ ಹಾಕಿಸಬೇಕು. ಆಧಾರ್‌ನಲ್ಲಿ ನಿನ್ನ ಹೆಸರಿಗೆ ಒಂದು ದೀರ್ಘ ಜಾಸ್ತಿ ಬಿದ್ದಿದೆ, ಮಾರ್ಕ್ಸ್ ಕಾರ್ಡಿನಲ್ಲಿ ಇಲ್ಲ. ಕಳೆದ ವರ್ಷ ಪಕ್ಕದ ಮನೆಯ ಹುಡುಗನಿಗೆ ಇಂಥದ್ದೇ ಒಂದು ಅಕ್ಷರಕ್ಕೆ ಸ್ಕಾಲರ್‌ಶಿಪ್ಪು ನಿಂತುಹೋಯಿತು. ಅದನ್ನು ಮೊದಲು ಸರಿ ಮಾಡಿಸೋಣ. ಪಾಲಿಟೆಕ್ನಿಕ್ಕಿಗೆ ಪ್ರವೇಶ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಮೇಲೇ ಸೀಟು, ಹಾಗಾಗಿ ಅರ್ಜಿಯ ಕೊನೇ ದಿನ ತಪ್ಪಿಸಬಾರದು ಅಷ್ಟೇ.

ನನ್ನ ಒಲವು ಯಾವ ಕಡೆ ಅಂತ ನಿನಗೆ ಗೊತ್ತಾಗಿರುತ್ತದೆ. ಆದರೆ ಅಣ್ಣನ ಸಲ ಎಲ್ಲ ನಾವೇ ತೀರ್ಮಾನ ಮಾಡಿದೆವು, ಅವನನ್ನು ಕೇಳಲಿಲ್ಲ. ಈ ಹಾಳೆಯ ಎಡಗಡೆ ಡಿಪ್ಲೊಮಾ ಲೆಕ್ಕ ಬರೆದಿದ್ದೇನೆ. ಬಲಗಡೆ ಪಿಯುಸಿ ಅಂತ ಮೇಲೆ ಬರೆದು ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ತುಂಬು. ಪೆನ್ಸಿಲಿನಲ್ಲೇ ಬರಿ, ಅಳಿಸಬೇಕಾದೀತು. ಭಾನುವಾರ ಅಣ್ಣನೂ ಬರುತ್ತಾನೆ, ನಾಲ್ವರೂ ಕೂತು ನೋಡೋಣ.

ಅಜ್ಜಿ ಹಲಸಿನ ಹಪ್ಪಳ ಹಚ್ಚುತ್ತಿದ್ದರೆ ಸುಮ್ನೆ ಕೂರಬೇಡ, ಕೈ ಹಾಕು. ಬರುವಾಗ ನೂರು ಹಪ್ಪಳ ತಾ, ಖಾನಾವಳಿಗೂ ಆಗುತ್ತದೆ. ಮತ್ತೆ ಈ ಹಾಳೆ ಕಳೆದುಬಿಟ್ಟೀಯ, ಜೋಪಾನ. ಹಿಂದಿನ ಪುಟದಲ್ಲಿ ಬಂದರಿನವರ ಬಾಕಿ 1,840 ಇದೆ.

ನಿನ್ನ,
ಅಮ್ಮ