ಕೃಷಿ ಸಾಲದ ಮೇಜಿಗೆ ಕೂತ ಕಾವ್ಯಾಳಿಗೆ

ಬೇಲೂರು

ಚಿ. ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬ್ಯಾಂಕಿನವರು ನಿನ್ನನ್ನು ಬೆಂಗಳೂರು ಬಿಟ್ಟು ಹಾಸನದ ಸಾಲಗಾಮೆ ಕಡೆಗೆ ಹಾಕಿದ್ದಾರೆ, ಅದೂ ಕೃಷಿ ಸಾಲಕ್ಕೆ ಅಂತ ನಿನಗೆ ಬೇಸರವಂತೆ. ನಿಮ್ಮಪ್ಪ ಹೇಳಿದ. "ದೇಶದ ಆದಾಯದಲ್ಲಿ ಕೃಷಿಯ ಪಾಲು 18 ಪರ್ಸೆಂಟ್ ಅಷ್ಟೆ, ಇಳೀತಾ ಇರೋ ಕಸುಬು" ಅಂದೆಯಂತೆ. ನಿನ್ನ ಲೆಕ್ಕ ಸರಿಯಾಗೇ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅರ್ಧದಷ್ಟಿದ್ದ ಪಾಲು ಅಲ್ಲಿಗೆ ಇಳಿದಿದೆ. ಕಾರ್ಖಾನೆ, ವ್ಯಾಪಾರ ಬೆಳೆದ ಹಾಗೆ ಎಲ್ಲ ದೇಶಗಳಲ್ಲೂ ಹಾಗೇ ಆಗಿದೆ.

ಆದರೆ ಅದರ ಪಕ್ಕ ಇನ್ನೊಂದು ಲೆಕ್ಕ ಇಟ್ಟು ನೋಡು. 2023-24ರ ಲೆಕ್ಕದಲ್ಲೂ ದುಡಿಯುವ ನೂರು ಜನರಲ್ಲಿ ಸುಮಾರು 46 ಜನ ಹೊಲ, ತೋಟ, ದನಕರು ನಂಬಿದವರು. ನೂರು ರೂಪಾಯಿ ಆದಾಯದಲ್ಲಿ ಈ 46 ಜನಕ್ಕೆ 18 ರೂಪಾಯಿ. ಮಿಕ್ಕ 54 ಜನಕ್ಕೆ 82. ನಮ್ಮ ದೇಶದ ಬಡತನದ ಬಹುಪಾಲು ಈ ಅಂತರದಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

2018-19ರಲ್ಲಿ ಆ 46 ಅನ್ನೋದು 42-43ಕ್ಕೆ ಇಳಿದಿತ್ತು. ಆಮೇಲೆ ಕೊರೊನಾ ಬಂತು. ಪೇಟೆಯಲ್ಲಿ ಕೆಲಸ ಕಳೆದುಕೊಂಡವರು ಊರಿಗೆ ಬಂದರು, ಸಂಖ್ಯೆ ಮತ್ತೆ ಏರಿತು. 2020-21ರಲ್ಲಿ ದೇಶದ ಆದಾಯವೇ ಕುಸಿದರೂ ಕೃಷಿ ಬೆಳೆಯಿತು. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಹೆಮ್ಮೆಯ ಜೊತೆ ಸಂಕಟವೂ ಆಗುತ್ತದೆ. ಜಮೀನು ಇದ್ದಷ್ಟೇ ಇತ್ತು, ಅದನ್ನು ನಂಬಿದ ಬಾಯಿಗಳು ಜಾಸ್ತಿಯಾದವು. 2015-16ರ ಕೃಷಿ ಗಣತಿಯಲ್ಲೇ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂ ಮುಕ್ಕಾಲು ಎಕರೆಗೂ ಕಮ್ಮಿ.

ಎಲ್ಲರೂ ಬೇಸಾಯದಲ್ಲೇ ಇರಲಿ ಅಂತ ನಾನು ಹೇಳುವುದಿಲ್ಲ. ಹುಡುಗರು ಓದಿ ಹೊರಗೆ ಹೋಗಲಿ, ಹೋಗಲೇಬೇಕು. ಆದರೆ ಕಾಲೇಜು ಫೀಸು, ಹಾಸ್ಟೆಲ್ ದುಡ್ಡು ಬರಬೇಕಾದದ್ದು ಅದೇ ಹೊಲದಿಂದ ಅಲ್ವಾ? ಬೆಳೆ ಕೈ ಹಿಡಿದ ಮನೆಯ ಮಗ ಡಿಪ್ಲೊಮಾ ಮಾಡುತ್ತಾನೆ. ಬೆಳೆ ಹೋದ ಮನೆಯವನು ಓದು ಬಿಟ್ಟು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಹುಡುಕುತ್ತಾನೆ. ಇಬ್ಬರೂ ಊರು ಬಿಟ್ಟವರೇ, ಆದರೆ ಬಿಟ್ಟ ರೀತಿ ಒಂದೇ ಅಲ್ಲ. ನಿನ್ನ ಸಾಲ ಈ ವ್ಯತ್ಯಾಸದ ನಡುವೆ ಬರುತ್ತದೆ.

ಅನ್ನದ ಮಾತೂ ಇದೆ. 1965, 66ರಲ್ಲಿ ಸಾಲಾಗಿ ಬರ ಬಿದ್ದಾಗ ನಾವು 1966 ಒಂದೇ ವರ್ಷದಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿಕೊಂಡೆವು. ಹೆಚ್ಚಿನದು ಅಮೆರಿಕದ ಗೋಧಿ. ಪ್ರಧಾನಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಹಡಗಿಗೆ ಕಾಯುವ ದೇಶ ಗಟ್ಟಿಯಾಗಿ ಮಾತಾಡಲಾರದು.

ಈಗ ನಿನ್ನ ಕೆಲಸಕ್ಕೆ ಬರೋಣ. ನಿನ್ನ ಕಡೆ ಆಲೂಗಡ್ಡೆ ಮುಖ್ಯ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಹಾಸನದ ಎಪಿಎಂಸಿ ಮಾರುಕಟ್ಟೆಗೆ ಬರುತ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ಅದರದ್ದೇ, ಅದೂ ಬಿತ್ತುವ ಮೊದಲೇ ಕೊಡಬೇಕು. ಮೇ ತಿಂಗಳಲ್ಲಿ ನಿನ್ನ ಸಾಲ ಸಿಗಲಿಲ್ಲ ಅಂದರೆ ರೈತ ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತಾನೆ. ಜುಲೈನಲ್ಲಿ ಮಂಜೂರು ಮಾಡಿದರೆ ಅದು ಆ ಬಡ್ಡಿ ತೀರಿಸಲು ಹೋಗುತ್ತದೆ, ಬೆಳೆಗಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ರೋಗ ಬರುತ್ತದೆ, ಕೆಲವೇ ದಿನದಲ್ಲಿ ಹೊಲ ಕಪ್ಪಾಗುತ್ತದೆ. ಅದಕ್ಕೇ ವಿಮೆಯ ಕಂತು ಕಟ್ಟಿದ್ದಾರಾ ಅಂತ ನೀನೇ ಕೇಳಿ ನೋಡು.

ಬೆಳೆ ಸಾಲ 7 ಪರ್ಸೆಂಟ್, ಸಮಯಕ್ಕೆ ಕಟ್ಟಿದರೆ 4 ಅಂತ ನಿನಗೆ ಗೊತ್ತು. ರೈತರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಬಾಯಿಬಿಟ್ಟು ಹೇಳು. ಕಂತಿನ ದಿನ ಬೆಳೆ ಮಾರುವ ಕಾಲಕ್ಕೆ ಹೊಂದುವಂತೆ ಬರೆಸು.

ಬ್ಯಾಂಕಿನ ಸಾಲದಲ್ಲಿ 18 ಪರ್ಸೆಂಟ್ ಕೃಷಿಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ, ಆ ಗುರಿಯನ್ನು ಕೃಷಿಗೆ ಅಂತ ಕೊಡುವ ಒಡವೆ ಸಾಲದಲ್ಲೇ ಮುಟ್ಟಿಸಿ ಕೈ ತೊಳೆದುಕೊಳ್ಳಬೇಡ. ಒಡವೆ ಇದ್ದವರಿಗೆ ಹೇಗೂ ಸಾಲ ಸಿಗುತ್ತದೆ. ಕಷ್ಟ ಇರುವುದು ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುವವನಿಗೆ. ನಮ್ಮ ರಾಜ್ಯದ 1974ರ ಭೂ ಸುಧಾರಣೆಯ ನಂತರ ಹೊಲ ಹೀಗೆ ಗುತ್ತಿಗೆಗೆ ಕೊಡುವುದು ಕಾನೂನಿನಲ್ಲಿ ಇಲ್ಲ, ಹಾಗಾಗಿ ಅವನ ಕೈಯಲ್ಲಿ ಕಾಗದವೇ ಇರುವುದಿಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರುವವರೂ ಬರುತ್ತಾರೆ. ಇಡೀ ಹೊಲ ನೋಡಿಕೊಳ್ಳುವ ಹೆಂಗಸರೂ ಬರುತ್ತಾರೆ, ಅವರ ಹೆಸರಲ್ಲಿ ಒಂದು ಗುಂಟೆಯೂ ಇರುವುದಿಲ್ಲ. ಸುಮ್ನೆ "ದಾಖಲೆ ಇಲ್ಲ" ಅಂತ ವಾಪಸ್ ಕಳಿಸಬೇಡ ಮಗಳೇ. ವಾರಕ್ಕೆ ಮಾಡುವವರನ್ನು ಜಂಟಿ ಹೊಣೆಗಾರಿಕೆ ಗುಂಪಿಗೆ, ಅಂದರೆ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಗುಂಪಿಗೆ, ಸೇರಿಸಬಹುದಾ ನೋಡು. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಎಲ್ಲಿ ಅರ್ಜಿ ಹಾಕಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡು.

ಏಪ್ರಿಲ್ ಮುಗಿಯುವ ಮೊದಲು ಒಂದು ಭಾನುವಾರ ಬಾ. ನಮ್ಮ ಊರಿನ ಡೇರಿಯ ಕಾರ್ಯದರ್ಶಿ ಹತ್ತಿರ ಮಾತಾಡಿದ್ದೇನೆ, ಯಾವ ಮನೆಗೆ ಎಷ್ಟು ಹಾಲಿನ ದುಡ್ಡು ಬರುತ್ತದೆ ಅಂತ ಲೆಕ್ಕದ ಪುಸ್ತಕ ತೋರಿಸುತ್ತಾರೆ. ಸಾಲ ಯಾರು ತೀರಿಸಬಲ್ಲರು ಅಂತ ಅಂದಾಜು ಮಾಡಲು ಅದು ನಿನಗೆ ಬೇಕಾಗುತ್ತದೆ. ದೊಡ್ಡಮ್ಮ ಕೇಳಿದ್ದಾಳೆ ಅಂತ ತಿಳಿಸಲು ಹೇಳಿದಳು.

ಇಂತಿ,
ನಿನ್ನ ದೊಡ್ಡಪ್ಪ