ಪ್ಯಾರಟ್ ಫಿಶ್ ಹವಳದ ಶತ್ರು ಅಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಹವಳದ ದಂಡೆಗಳ ಬಗ್ಗೆ ಲೇಖನ ಓದ್ದೆ, ಬಿಸಿ ನೀರಿಗೆ ಹವಳ ಬಿಳುಚಿಕೊಳ್ಳೋದನ್ನ ಚೆನ್ನಾಗೇ ಬರೆದಿದ್ದಾರೆ, ಆದ್ರೆ ಪ್ಯಾರಟ್ ಫಿಶ್ ಫೋಟೋ ಕೆಳಗೆ 'ಹವಳದ ಶತ್ರು' ಅಂತ ಹಾಕಿದ್ದೀರಲ್ಲ, ಅದನ್ನ ನೋಡಿ ಸುಮ್ನಿರೋಕೆ ಆಗ್ಲಿಲ್ಲ.

ದಡಕ್ಕೂ ಅಲೆ ಒಡೆಯೋ ಅಂಚಿಗೂ ಮಧ್ಯೆ ಹವಳದ ದಂಡೆ ಸಪಾಟಾಗಿ ಹರಡಿರುತ್ತಲ್ಲ, ಆ ರೀಫ್ ಫ್ಲಾಟ್ ಮೇಲೆ ಮಾಸ್ಕ್ ಹಾಕ್ಕೊಂಡು ಗಂಟೆಗಟ್ಟಲೆ ತೇಲಿದ್ದೀನಿ, ಹಾಗಾಗಿ ಹೇಳ್ತಿದ್ದೀನಿ. ಇಳಿತದಲ್ಲಿ ಅಲ್ಲಿ ಮೊಣಕಾಲುದ್ದ ನೀರೂ ಇರಲ್ಲ, ಕೆಲವು ಕಡೆ ಹವಳದ ನೆತ್ತಿಯೇ ಬಿಸಿಲಿಗೆ ಬಂದಿರುತ್ತೆ, ಭರತ ಏರ್ತಿದ್ದ ಹಾಗೆ ಆಳದ ಕಡೆಯಿಂದ ಮೀನುಗಳು ಗುಂಪುಗುಂಪಾಗಿ ಒಳಗೆ ನುಗ್ತವೆ, ಬೆನ್ನು ಮುಳುಗೋವರೆಗೂ ಕಾಯೋ ತಾಳ್ಮೆ ಕೂಡ ಇರಲ್ಲ ಅವಕ್ಕೆ. ನೀರು ಇಳಿಯೋಕೆ ಶುರುವಾಯ್ತೋ, ವಾಪಸ್.

ಪ್ಯಾರಟ್ ಫಿಶ್ ತಿನ್ನೋದು ಕಣ್ಣಿಗೆ ಕಾಣೋ ಮುಂಚೆ ಕಿವಿಗೆ ಕೇಳುತ್ತೆ, ಕರಕರ ಅಂತ. ಹಲ್ಲೆಲ್ಲ ಸೇರಿ ಗಿಳಿ ಕೊಕ್ಕಿನ ಥರ ಆಗಿರುತ್ತೆ, ಅದರಲ್ಲಿ ಬಂಡೆ ಕೆರೆದ ಕಡೆ ಬೆಳ್ಳಗೆ ಗೀರು ಉಳಿಯುತ್ತೆ. ಗಂಟಲಲ್ಲಿ ಇನ್ನೊಂದು ಸೆಟ್ ಹಲ್ಲು ಇದೆ, ಕೆರೆದ ಸುಣ್ಣಕಲ್ಲನ್ನ ಅದು ಬೀಸೋ ಕಲ್ಲಿನ ಹಾಗೆ ಪುಡಿ ಮಾಡುತ್ತೆ, ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಿಳಿ ಮರಳಿನ ಮೋಡ. ನಾವು ಚಪ್ಪಲಿ ಬಿಟ್ಟು ಓಡಾಡೋ ಎಷ್ಟೋ ಬಿಳಿ ಬೀಚುಗಳ ಮರಳು ಹೀಗೇ ಬಂದಿದ್ದು, ನಗಬೇಡಿ! ಈ ಜಾತಿಯ ಹೆಚ್ಚಿನವು ಕೆರೆಯೋದು ಸತ್ತ ಬಂಡೆ ಮೇಲಿನ ಗಿಡ್ಡ ಪಾಚಿಯನ್ನ, ಬದುಕಿರೋ ಹವಳವನ್ನಲ್ಲ. ಅವು ಬೋಳಿಸಿಟ್ಟ ಜಾಗದಲ್ಲೇ ಹವಳದ ಮರಿ ಬಂದು ಕೂರೋದು, ಪಾಚಿ ದಟ್ಟವಾಗಿದ್ರೆ ಅದಕ್ಕೆ ಕಾಲೂರೋಕೆ ಜಾಗವೇ ಇಲ್ಲ. ಹಣೆ ಉಬ್ಬಿರೋ ಬಂಪ್‌ಹೆಡ್ ಅನ್ನೋ ದೊಡ್ಡ ಜಾತಿ ಮಾತ್ರ ಬದುಕಿರೋ ಹವಳವನ್ನೂ ಕಡಿಯುತ್ತೆ, ಒಂದೊಂದು ಮೀನು ವರ್ಷಕ್ಕೆ ಸುಮಾರು 5 ಟನ್ ಸುಣ್ಣಕಲ್ಲು ಅರೆದು ಹಾಕುತ್ತೆ ಅಂತ ಲೆಕ್ಕ ಇದೆ, ಅದನ್ನ ಮುಚ್ಚಿಡಲ್ಲ. ಆದ್ರೆ ನಿಮ್ಮ ಫೋಟೋದಲ್ಲಿದ್ದದ್ದು ಅದಲ್ಲ.

ನಿಜವಾದ ಜಗಳಗಂಟ ನೋಡ್ಬೇಕಂದ್ರೆ ಡ್ಯಾಮ್ಸೆಲ್ ನೋಡಿ. ಅಂಗೈಯಷ್ಟೂ ಇಲ್ಲದ ಮೀನು, ಚಾಪೆಯಷ್ಟಗಲ ಪಾಚಿ ತೋಟ ಮಾಡ್ಕೊಂಡು, ಬೇಡದ ಕಳೆ ಕಿತ್ತೆಸೆದು, ಹತ್ತಿರ ಬಂದ ಯಾರನ್ನೂ ಬಿಡಲ್ಲ, ನನ್ನ ಮಾಸ್ಕಿಗೂ ಬಂದು ಕುಟ್ಟಿದೆ. ಪಾಚಿ ಮೇಯೋ ಇನ್ನೊಂದು ಮೀನು ಸರ್ಜನ್ ಫಿಶ್, ಒಂಟಿಯಾಗಿ ಬಂದ್ರೆ ಡ್ಯಾಮ್ಸೆಲ್ ಮುಂದೆ ಅದರ ಆಟ ನಡೆಯಲ್ಲ, ಅದಕ್ಕೇ ಕಪ್ಪು ಪಟ್ಟೆಯ ಕನ್ವಿಕ್ಟ್ ಸರ್ಜನ್ನುಗಳು ನೂರಾರು ಸೇರಿ ಬೇಲಿ ಹಾರಿದ ದನಗಳ ಥರ ನುಗ್ತವೆ, ಡ್ಯಾಮ್ಸೆಲ್ ಒಂದನ್ನ ಅಟ್ಟಿಸ್ಕೊಂಡು ಹೋಗಿ ಬರೋ ಅಷ್ಟರಲ್ಲಿ ಉಳಿದವು ತೋಟ ಮೇಯ್ದು ಮುಗಿಸಿರ್ತವೆ, ಪಾಪ ಅದು ಮತ್ತೆ ಮೊದಲಿಂದ ಶುರು ಮಾಡ್ಬೇಕು.

ಮೇಯೋರು ಇಲ್ಲದಿದ್ರೆ ಏನಾಗುತ್ತೆ ಅಂತ ಜಮೈಕಾ ತೋರಿಸಿದೆ. ಅಲ್ಲಿ ಮೀನನ್ನ ಆಗಲೇ ಬಾಚಿಬಿಟ್ಟಿದ್ರು, ಪಾಚಿ ಮೇಯೋ ಕೆಲಸ ಮುಳ್ಳು ಚೆಂಡಿನ ಥರ ಇರೋ, ಉದ್ದ ಮುಳ್ಳಿನ ಸೀ ಅರ್ಚಿನ್ ಅನ್ನೋ ಕಡಲ ಜೀವಿ ಒಂದರ ತಲೆ ಮೇಲೆ ಬಿದ್ದಿತ್ತು, 1983ರಲ್ಲಿ ರೋಗ ಬಂದು ಕೆರಿಬಿಯನ್ ಸಮುದ್ರದ ಉದ್ದಕ್ಕೂ ಅದೂ ಹೆಚ್ಚುಕಮ್ಮಿ ಸತ್ತುಹೋಯ್ತು. 1980ರ ಚಂಡಮಾರುತದ ಏಟು ಬೇರೆ ಇತ್ತು. 1977ರಲ್ಲಿ ಅಲ್ಲಿನ ದಂಡೆಗಳಲ್ಲಿ ಸುಮಾರು 52% ಹವಳ ಇದ್ದದ್ದು 1993ಕ್ಕೆ 3%ಗೆ ಬಂತು, ಉಳಿದದ್ದೆಲ್ಲ ಹೆಚ್ಚುಕಮ್ಮಿ ಪಾಚಿ.

ಮೇಯೋರಲ್ಲೂ ಎಲ್ಲರೂ ಎಲ್ಲವನ್ನೂ ತಿನ್ನಲ್ಲ ಅನ್ನೋದು ಇನ್ನೊಂದು ಮಜಾ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಲ್ಲಿ ವಿಜ್ಞಾನಿಗಳು ಬಂಡೆಗೆ ಬೋನು ಹಾಕಿ ಮೀನು ಬರದ ಹಾಗೆ ಮಾಡಿ, ಸರ್ಗ್ಯಾಸಮ್ ಅನ್ನೋ ಎತ್ತರದ ಪಾಚಿ ಬೆಳೆದ ಮೇಲೆ ಬೋನು ತೆಗೆದು ಕ್ಯಾಮೆರಾ ಇಟ್ರು. ಪ್ಯಾರಟ್, ಸರ್ಜನ್ ಬರ್ತವೆ ಅಂದ್ಕೊಂಡಿದ್ರು, ಅವು ಹೆಚ್ಚೇನೂ ಮುಟ್ಟಲಿಲ್ಲ. ಅಷ್ಟನ್ನೂ ಮೇಯ್ದು ಕ್ಲೀನ್ ಮಾಡಿದ್ದು ಬ್ಯಾಟ್‌ಫಿಶ್, ಇದು ಹುಳಹುಪ್ಪಟೆ ತಿನ್ನೋ ಮೀನು ಅಂತ ಅಲ್ಲೀವರೆಗೂ ಎಲ್ಲರೂ ಲೆಕ್ಕದಿಂದಲೇ ಬಿಟ್ಟಿದ್ರು. 2006ರಲ್ಲಿ ಈ ಸಂಶೋಧನೆ ಪ್ರಕಟವಾಯ್ತು.

ಬೆಲೀಜ್ ದೇಶ 2009ರಲ್ಲೇ ಪ್ಯಾರಟ್ ಫಿಶ್, ಸರ್ಜನ್ ಫಿಶ್ ಹಿಡಿಯೋದನ್ನ ನಿಷೇಧ ಮಾಡಿದೆ. ಅವರು ಕಾನೂನು ಮಾಡಿ ಕಾಯ್ತಿರೋ ಮೀನನ್ನ ನೀವು ಶತ್ರು ಅಂತ ಹಾಕಿದ್ರೆ ಓದೋ ಮಕ್ಕಳು ಅದನ್ನೇ ನಂಬ್ತಾರೆ. ಮುಂದಿನ ವಾರ ಒಂದು ಸಣ್ಣ ತಿದ್ದುಪಡಿ ಹಾಕಿ, ಎರಡೇ ಸಾಲು ಸಾಕು. ಯಾರನ್ನಾದ್ರೂ ಬೈಯ್ಯಲೇಬೇಕು ಅಂತಿದ್ರೆ ಆ ಡ್ಯಾಮ್ಸೆಲ್ ಫೋಟೋ ಹಾಕಿ, ನನ್ನ ಅಭ್ಯಂತರ ಇಲ್ಲ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗ